ಹಡಗಿನಲ್ಲಿ ಲಕ್ಷದ್ವೀಪಕ್ಕೆ: ಇಬ್ಬರ ಐದು ದಿನಕ್ಕೆ ತಯಾರಿ

ಲಕ್ಷದ್ವೀಪದ ಫೋಟೋಗಳಲ್ಲಿ ಕಾಣುವುದು ತಿಳಿನೀಲಿ ನೀರು, ಬಿಳಿ ಮರಳು, ನೀರಿನ ಕಡೆ ಬಾಗಿದ ತೆಂಗು. ಕಾಣದೇ ಉಳಿಯುವುದು ಹಡಗಿನ ಪಕ್ಕದ ಬಾಗಿಲು. ದ್ವೀಪದ ಸುತ್ತ ಹವಳದ ದಿಬ್ಬ ಇದೆ. ಅದರ ಒಳಗಿನ ಲಗೂನ್‌ನಲ್ಲಿ, ಅಂದರೆ ದಿಬ್ಬ ಸುತ್ತುವರಿದ ಕಡಲ ನೀರಿನಲ್ಲಿ, ದೊಡ್ಡ ಹಡಗು ತೇಲುವಷ್ಟು ಆಳವಿಲ್ಲ. ಹಾಗಾಗಿ ಹಡಗು ಹೊರಗಿನ ಕಡಲಲ್ಲೇ ನಿಲ್ಲುತ್ತದೆ, ನೀವು ಪಕ್ಕದ ಬಾಗಿಲಿನಿಂದ ಕುಣಿಯುವ ದೋಣಿಗೆ ಇಳಿದು ದಡಕ್ಕೆ ಹೋಗಬೇಕು, ಸಂಜೆ ಹಾಗೆಯೇ ಹತ್ತಬೇಕು. ಮೂರು ದ್ವೀಪಕ್ಕೆ ಆರು ಸಲ. ಆ ಆರು ಸಲ ಮತ್ತು ಮೊದಲ ರಾತ್ರಿಯ ಓಲಾಟ, ಇವಿಷ್ಟಕ್ಕೆ ಸರಿಯಾಗಿ ತಯಾರಾದರೆ ಉಳಿದದ್ದೆಲ್ಲ ನಿಜಕ್ಕೂ ವಿಶ್ರಾಂತಿಯೇ.

ಇಲ್ಲಿ ಹೇಳುತ್ತಿರುವುದು ಲಕ್ಷದ್ವೀಪ ಆಡಳಿತದ ಪ್ರವಾಸೋದ್ಯಮ ಸಂಸ್ಥೆಯಾದ ಸ್ಪೋರ್ಟ್ಸ್ ನಡೆಸುವ ‘ಸಮುದ್ರಂ’ ಪ್ರವಾಸದ ಬಗ್ಗೆ. ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗಿನಲ್ಲಿ ಹೊರಟು ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಿ ಬರುವ ಐದು ದಿನದ ಸುತ್ತು. ರಾತ್ರಿ ಪ್ರಯಾಣ, ಹಗಲು ದ್ವೀಪ, ಹಡಗೇ ಲಾಡ್ಜು. ಕೊಚ್ಚಿಯಿಂದ ಕಲ್ಪೇನಿಗೆ 287 ಕಿ.ಮೀ., ಮಿನಿಕಾಯ್‌ಗೆ 398, ಕವರತ್ತಿಗೆ 404. ಇದು ದ್ವೀಪದ ಜನ ಆಸ್ಪತ್ರೆಗೆ, ಕಾಲೇಜಿಗೆ, ಮದುವೆಗೆ ಓಡಾಡುವ ಪ್ರಯಾಣಿಕರ ಹಡಗು. ಈಜುಕೊಳ, ಕ್ಯಾಸಿನೋ, ರಾತ್ರಿಯ ಡಾನ್ಸ್ ಫ್ಲೋರ್ ಹುಡುಕಬೇಡಿ. ಅವು ಬೇಕೆಂದರೆ ಮುಂಬೈಯಿಂದ ಹೊರಡುವ ವಿಲಾಸಿ ಹಡಗುಗಳಿವೆ. ಅವುಗಳಲ್ಲಿ ದ್ವೀಪದ ಮೇಲೆ ಸಿಗುವ ಸಮಯ ಕಡಿಮೆ.

ಯಾವಾಗ ಹೋಗಬೇಕು

ಮೇ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಕಡಲು. ಆ ತಿಂಗಳುಗಳನ್ನು ಲೆಕ್ಕದಿಂದಲೇ ಬಿಡಿ. ಅಕ್ಟೋಬರ್, ನವೆಂಬರ್‌ನಲ್ಲಿ ಹಡಗು ಹೋಗುತ್ತದೆ, ಆದರೆ ಅದು ಅರಬ್ಬಿ ಸಮುದ್ರದ ಚಂಡಮಾರುತದ ಕಾಲ. 2017ರ ಓಖಿ ಲಕ್ಷದ್ವೀಪಕ್ಕೆ ಅಪ್ಪಳಿಸಿದ್ದು ಡಿಸೆಂಬರ್ ಮೊದಲ ದಿನಗಳಲ್ಲಿ. ಇಬ್ಬರಲ್ಲಿ ಒಬ್ಬರಿಗೆ ಮೊದಲ ಕಡಲಯಾನವಾದರೆ ಜನವರಿ, ಫೆಬ್ರವರಿ, ಮಾರ್ಚ್ ಆರಿಸಿ. ಏಪ್ರಿಲ್‌ನಲ್ಲಿ ಕಡಲು ಶಾಂತವೇ, ಸೆಕೆ ಮಾತ್ರ ವಿಪರೀತ.

ಕ್ಯಾಬಿನ್

ಬುಕ್ ಮಾಡುವಾಗ ದರ್ಜೆಯ ಹೆಸರಿಗೆ ಮರುಳಾಗಬೇಡಿ. ಕೇಳಬೇಕಾದ ಪ್ರಶ್ನೆ ಒಂದೇ: ಕ್ಯಾಬಿನ್‌ನಲ್ಲಿ ಎಷ್ಟು ಬರ್ತ್? ಸುಮಾರು 700 ಜನ ಹಿಡಿಸುವ ಹಡಗಿನಲ್ಲಿ ಎರಡೇ ಬರ್ತ್‌ನ ಕ್ಯಾಬಿನ್‌ಗಳು ಕೆಲವೇ ಕೆಲವು, ಅವು ಎಲ್ಲಕ್ಕಿಂತ ಮೊದಲು ಮುಗಿಯುತ್ತವೆ. ನಾಲ್ಕು ಬರ್ತ್‌ನದು ಸಿಕ್ಕರೆ ಇನ್ನಿಬ್ಬರು ಅಪರಿಚಿತರ ಜೊತೆ ಮಲಗಬೇಕಾದೀತು. ಪರಿಚಯದ ಇನ್ನೊಂದು ಜೋಡಿಯನ್ನು ಜೊತೆಗೆ ಹೊರಡಿಸಿ ಇಡೀ ಕ್ಯಾಬಿನ್ ಹಿಡಿಯುವುದು ಇದಕ್ಕೆ ಒಳ್ಳೆಯ ದಾರಿ. ಬಂಕ್ ಸಾಲುಗಳು ಅಗ್ಗ, ಆದರೆ ದಂಪತಿ ನೆಮ್ಮದಿ ಹುಡುಕಿ ಹೋಗುವ ಜಾಗವಲ್ಲ.

ಆರಿಸುವ ಅವಕಾಶ ಇದ್ದರೆ ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕ್ಯಾಬಿನ್ ಕೇಳಿ. ಏತದ ಹಲಗೆಯಂತೆ ಹಡಗಿನ ಎರಡು ತುದಿಗಳು ಮೇಲೆ ಕೆಳಗೆ ಹೋಗುತ್ತವೆ, ನಡುಭಾಗ ಕಡಿಮೆ ಅಲುಗುತ್ತದೆ. ಎತ್ತರಕ್ಕೆ ಹೋದಷ್ಟೂ ಪಕ್ಕಕ್ಕೆ ವಾಲುವುದು ಹೆಚ್ಚು. ಕೆಳಗೆ ಎಂಜಿನ್ ಸದ್ದು ಇರುತ್ತದೆ. ಕಿವಿಗೆ ಹತ್ತಿ ಅಥವಾ ಇಯರ್‌ಪ್ಲಗ್ ಒಯ್ಯಿರಿ.

ಪರ್ಮಿಟ್

ಭಾರತೀಯರಿಗೂ ಪ್ರವೇಶ ಪರವಾನಗಿ ಕಡ್ಡಾಯ. 1967ರ ಪ್ರವೇಶ ನಿರ್ಬಂಧ ನಿಯಮಗಳು ಇನ್ನೂ ಜಾರಿಯಲ್ಲಿವೆ. ಪ್ಯಾಕೇಜ್‌ನಲ್ಲಿ ಹೋಗುವವರ ಪರ್ಮಿಟ್ ಕೆಲಸವನ್ನು ಪ್ರವಾಸ ನಡೆಸುವವರೇ ನೋಡಿಕೊಳ್ಳುತ್ತಾರೆ, ಆದರೆ ದಾಖಲೆ ಸರಿಯಾಗಿ ಕೊಡುವುದು ನಿಮ್ಮ ಪಾಲು. ನಮ್ಮವರು ಎಡವುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ಇನಿಶಿಯಲ್, ಟಿಕೆಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಹೆಂಡತಿಯ ಒಂದು ಕಾರ್ಡಿನಲ್ಲಿ ತವರಿನ ಹೆಸರು, ಇನ್ನೊಂದರಲ್ಲಿ ಗಂಡನದು. ಯಾವ ಗುರುತಿನ ಚೀಟಿಯನ್ನು ಕೈಯಲ್ಲಿ ಒಯ್ಯುತ್ತೀರೋ ಅದರಲ್ಲಿ ಇರುವ ಹಾಗೆಯೇ, ಅಕ್ಷರ ಬಿಡದೆ, ಎಲ್ಲ ಕಡೆ ತುಂಬಿಸಿ. ಮೂಲ ಚೀಟಿಯ ಜೊತೆ ಪರ್ಮಿಟ್‌ನ ಮೂರು ನಕಲು ಇರಲಿ. ಫೋನಿನಲ್ಲಿರುವ ಪ್ರತಿಯನ್ನೇ ನಂಬಬೇಡಿ.

ಕೊಚ್ಚಿಗೆ ಒಂದು ದಿನ ಮೊದಲು

ಹಡಗು ಹತ್ತುವುದು ವಿಲಿಂಗ್ಡನ್ ದ್ವೀಪದಲ್ಲಿ. ಬಂದರು ಕಟ್ಟುವಾಗ ಹೂಳೆತ್ತಿದ ಮಣ್ಣು ತುಂಬಿ ಮಾಡಿದ ದ್ವೀಪ ಅದು. ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ಐಲ್ಯಾಂಡ್ ಎಕ್ಸ್‌ಪ್ರೆಸ್‌ಗೆ ಆ ಹೆಸರು ಬಂದದ್ದು ಹಿಂದೆ ಅದು ಈ ದ್ವೀಪದ ನಿಲ್ದಾಣಕ್ಕೆ ಹೋಗುತ್ತಿದ್ದುದರಿಂದ. ಈಗ ಎರ್ನಾಕುಲಂನಲ್ಲಿ ಇಳಿದು ಟ್ಯಾಕ್ಸಿ ಹಿಡಿಯಬೇಕು. ಮಂಗಳೂರಿನವರಿಗೆ ರಾತ್ರಿ ರೈಲು ಸಾಕು. ಏನೇ ಆದರೂ ಹಿಂದಿನ ದಿನವೇ ಕೊಚ್ಚಿಯಲ್ಲಿರಿ. ರೈಲು ಮೂರು ಗಂಟೆ ತಡವಾದರೆ ಹಡಗು ಕಾಯುವುದಿಲ್ಲ.

ವಾಪಸಿಗೆ ಇನ್ನೂ ಹೆಚ್ಚು ಬಿಡುವು ಬೇಕು. ಗಾಳಿ ಬೀಸಿದರೆ ದ್ವೀಪಗಳ ಕ್ರಮ ಬದಲಾಗುತ್ತದೆ, ಒಂದು ದ್ವೀಪವೇ ತಪ್ಪಲೂಬಹುದು, ಹಡಗು ತಡವಾಗಿ ಮರಳಬಹುದು. ಇಳಿಯುವ ದಿನವೇ ವಿಮಾನ ಬುಕ್ ಮಾಡಿದವರು ಐದನೇ ದಿನವನ್ನೆಲ್ಲ ಗಡಿಯಾರ ನೋಡುತ್ತ ಕಳೆಯುತ್ತಾರೆ. ಮರುದಿನದ ಟಿಕೆಟ್ ತೆಗೆದುಕೊಳ್ಳಿ.

ಮೊದಲ ರಾತ್ರಿ

ಕಣ್ಣಿಗೆ ಕ್ಯಾಬಿನ್ ಗೋಡೆ ನಿಂತಂತೆ ಕಾಣುತ್ತದೆ, ಒಳಗಿವಿ ಮಾತ್ರ ಅಲುಗುತ್ತಿದ್ದೇವೆ ಎನ್ನುತ್ತದೆ. ಈ ತಕರಾರೇ ಕಡಲು ವಾಕರಿಕೆಯ ಮೂಲ. ಮಾತ್ರೆಯನ್ನು ಹಡಗು ಹೊರಡುವ ಒಂದು ಗಂಟೆ ಮೊದಲೇ ನುಂಗಬೇಕು; ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲದು. ಡೈಮೆನ್‌ಹೈಡ್ರಿನೇಟ್, ಮೆಕ್ಲಿಜಿನ್ ಇಂಥವು ನಿದ್ದೆ ತರುತ್ತವೆ, ರಾತ್ರಿಗೆ ಅದೇ ಅನುಕೂಲ. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಗರ್ಭಿಣಿಯರಿಗೆ ಮಾತ್ರೆಗಿಂತ ದೋಣಿ ಇಳಿಯುವುದೇ ದೊಡ್ಡ ಅಪಾಯ. ಈ ಪ್ರವಾಸವನ್ನು ಮುಂದಕ್ಕೆ ಹಾಕುವುದು ಒಳ್ಳೆಯದು.

ಹತ್ತುವ ಮೊದಲು ಹೊಟ್ಟೆ ಖಾಲಿ ಇಡಬೇಡಿ, ಬಿರಿಯಾನಿಯನ್ನೂ ತುಂಬಬೇಡಿ. ಎರಡು ಇಡ್ಲಿ, ಅಥವಾ ಮೊಸರನ್ನ. ಒಣಶುಂಠಿ ಚೂರು ಬಾಯಲ್ಲಿರಲಿ. ವಾಕರಿಕೆ ಬಂದರೆ ಕ್ಯಾಬಿನ್‌ನಲ್ಲಿ ಮುದುಡಿಕೊಂಡು ಫೋನು ನೋಡುವುದು ತಪ್ಪು. ಡೆಕ್‌ಗೆ ಹೋಗಿ ಬಾನು ಕಡಲು ಕೂಡುವ ಗೆರೆಯನ್ನು ದಿಟ್ಟಿಸಿ. ಕತ್ತಲಾಗಿದ್ದರೆ ಕಣ್ಣು ಮುಚ್ಚಿ ಅಂಗಾತ ಮಲಗಿ. ಸಾಮಾನ್ಯವಾಗಿ ಎರಡನೇ ದಿನಕ್ಕೆ ದೇಹ ಒಗ್ಗಿಕೊಳ್ಳುತ್ತದೆ. ಮಿನಿಕಾಯ್ ಉಳಿದ ದ್ವೀಪಗಳಿಂದ ದೂರ. ನಡುವೆ ಇರುವ ಒಂಬತ್ತು ಡಿಗ್ರಿ ಕಾಲುವೆಯಲ್ಲಿ ಅಲೆ ಜೋರು. ಅದನ್ನು ದಾಟುವ ರಾತ್ರಿಗೂ ಒಂದೊಂದು ಮಾತ್ರೆ ಎತ್ತಿಡಿ.

ಹಡಗಿನಿಂದ ದೋಣಿಗೆ

ದೋಣಿ ಅಲೆಯ ಜೊತೆ ಏರುತ್ತದೆ, ಇಳಿಯುತ್ತದೆ. ಏರಿದಾಗ ಬಾಗಿಲ ಮಟ್ಟಕ್ಕೆ ಬರುತ್ತದೆ, ಮರುಕ್ಷಣ ಒಂದಾಳು ಕೆಳಗೆ. ಬಿದ್ದವರೆಲ್ಲ ಸಾಮಾನ್ಯವಾಗಿ ದೋಣಿ ಇಳಿಯುವಾಗ ಕಾಲಿಟ್ಟವರು. ದೋಣಿ ಮೇಲೇರಿ ಅರೆಕ್ಷಣ ನಿಲ್ಲುವಾಗ ದಾಟಬೇಕು. ಆ ಕ್ಷಣವನ್ನು ನೀವು ಲೆಕ್ಕ ಹಾಕಬೇಡಿ. ಖಲಾಸಿಗಳು ಹೇಳಿದಾಗ ಹೆಜ್ಜೆ ಇಡಿ, ಅನುಮಾನಿಸಿ ಅರ್ಧಕ್ಕೆ ನಿಲ್ಲಬೇಡಿ. ಜಿಗಿಯುವುದೂ ಬೇಡ, ಮೆಟ್ಟಿಲು ಇಳಿದಂತೆ ಸುಮ್ಮನೆ ಕಾಲಿಟ್ಟರೆ ಸಾಕು.

ಎರಡು ಕೈಯೂ ಖಾಲಿ ಇರಬೇಕು. ಬ್ಯಾಗು ಬೆನ್ನಿಗೆ, ಅಥವಾ ಮೊದಲೇ ಖಲಾಸಿಯ ಕೈಗೆ. ಅವರು ನಿಮ್ಮ ಬೆರಳು ಹಿಡಿಯುವುದಿಲ್ಲ, ಮುಂಗೈ ಹಿಡಿಯುತ್ತಾರೆ. ನೀವೂ ಅವರ ಮುಂಗೈಯನ್ನೇ ಹಿಡಿಯಿರಿ, ಬೆವರಿದ ಅಂಗೈ ಜಾರುತ್ತದೆ. ದೋಣಿಯ ಅಂಚನ್ನು ಹೊರಗಿನಿಂದ ಹಿಡಿಯಲೇಬಾರದು. ಹಡಗಿನ ಮೈಗೂ ದೋಣಿಗೂ ನಡುವೆ ಸಿಕ್ಕ ಬೆರಳು ಜಜ್ಜಿಹೋಗುತ್ತದೆ. ಗಂಡ ಹೆಂಡತಿ ಕೈಕೈ ಹಿಡಿದು ಒಟ್ಟಿಗೆ ಇಳಿಯುವ ಫೋಟೋ ಆಸೆ ಬಿಟ್ಟುಬಿಡಿ: ಒಬ್ಬರಾದ ಮೇಲೆ ಒಬ್ಬರು. ಸೀರೆ, ದುಪಟ್ಟಾ, ಹವಾಯಿ ಚಪ್ಪಲಿ ಈ ಹೊತ್ತಿಗೆ ಬೇಡ. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಮತ್ತು ಬೇಗ ಒಣಗುವ ಪ್ಯಾಂಟು ಸರಿ. ಲೈಫ್‌ಜಾಕೆಟ್‌ನ ಎಲ್ಲ ಬಕಲ್ ಬಿಗಿಯಾಗಿರಲಿ. ಸಡಿಲ ಜಾಕೆಟ್ ನೀರಿನಲ್ಲಿ ಮುಖದ ಮೇಲೆ ಏರಿ ಕೂರುತ್ತದೆ. ಮಂಡಿ ನೋವಿರುವವರಿಗೆ ಇಳಿಯುವುದಕ್ಕಿಂತ ಸಂಜೆ ಹತ್ತುವುದು ಕಷ್ಟ. ಸಂಜೆ ಕಡಲು ಏರಿರುವಂತೆ ಕಂಡರೆ ಮೊದಲ ದೋಣಿಗಳಲ್ಲೇ ಮರಳಿ.

ದಡಕ್ಕೆ ಒಯ್ಯುವ ಚೀಲ ಒಂದೇ ಸಾಕು: ತಲಾ ಒಂದು ಲೀಟರ್ ನೀರು, ಎರಡು ಓಆರ್‌ಎಸ್ ಪೊಟ್ಟಣ, ತೆಳು ಟವೆಲ್, ಒಂದು ಜೊತೆ ಒಣ ಬಟ್ಟೆ, ಟೋಪಿ, ಗುರುತಿನ ಚೀಟಿ, ಫೋನಿಗೆ ಜಿಪ್ ಕವರು. ಈಜುಡುಪು ಎರಡು ಜೊತೆ ಬೇಕು. ಉಪ್ಪುನೀರಿನ ಬಟ್ಟೆ ಕ್ಯಾಬಿನ್‌ನಲ್ಲಿ ರಾತ್ರೋರಾತ್ರಿ ಒಣಗುವುದಿಲ್ಲ, ಹಸಿಯದನ್ನೇ ತೊಟ್ಟರೆ ತೊಡೆಸಂದು ಉರಿಯುತ್ತದೆ. ಹಾಗಾಗುವ ಮೊದಲೇ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಸವರಿಕೊಳ್ಳಿ.

ದ್ವೀಪಗಳಲ್ಲಿ

ಎಲ್ಲ ದ್ವೀಪದಲ್ಲೂ ಎಲ್ಲವನ್ನೂ ಮಾಡಹೊರಟರೆ ಮೂರನೇ ದಿನಕ್ಕೆ ಸುಸ್ತು. ಒಂದೊಂದಕ್ಕೆ ಒಂದೊಂದು ಕೆಲಸ ಇಟ್ಟುಕೊಳ್ಳಿ. ಕಲ್ಪೇನಿ ನೀರಾಟಕ್ಕೆ: ವಿಶಾಲ ಲಗೂನ್, ಅದರಲ್ಲಿ ತಿಲಕ್ಕಂ, ಪಿಟ್ಟಿ ಎಂಬ ಕಿರುದ್ವೀಪಗಳು, ಕಯಾಕ್‌ಗೆ ಹೇಳಿ ಮಾಡಿಸಿದ ನೀರು. ಪೂರ್ವದ ದಡದಲ್ಲಿ 1847ರ ಬಿರುಗಾಳಿ ಎತ್ತಿಹಾಕಿದ ಹವಳದ ಚೂರಿನ ದಂಡೆ ಇದೆ. ಅಲ್ಲಿ ಬರಿಗಾಲಲ್ಲಿ ನಡೆಯಬೇಡಿ. ಕವರತ್ತಿಯಲ್ಲಿ ಗಾಜುತಳದ ದೋಣಿ, ಮತ್ಸ್ಯಾಲಯ, ಮರದ ಕೆತ್ತನೆಯ ಉಜ್ರಾ ಮಸೀದಿ; ಮಸೀದಿ ನೋಡುವುದಾದರೆ ಮೈತುಂಬ ಬಟ್ಟೆ ತೊಟ್ಟು, ಕೇಳಿಕೊಂಡು ಹೋಗಿ. ಮಿನಿಕಾಯ್‌ನಲ್ಲಿ ನೀರಿಗಿಂತ ಊರು ನೋಡಿ. ಅಲ್ಲಿನ ಮಾತು ಮಾಲ್ದೀವ್ಸ್‌ನ ದಿವೇಹಿಗೆ ಸೇರಿದ ಮಹಲ್, ಬರೆಯುವುದು ಬಲದಿಂದ ಎಡಕ್ಕೆ. 1885ರ ದೀಪಸ್ತಂಭದ ಮೇಲೆ ಹತ್ತಿದರೆ ದಿಬ್ಬ, ಲಗೂನ್, ಊರು ಮೂರೂ ನಕಾಶೆಯ ಹಾಗೆ ಕಾಣುತ್ತವೆ.

ಈಜುಡುಪು ಪ್ರವಾಸಿಗರ ಕಡಲ ದಂಡೆಗಷ್ಟೇ. ಊರೊಳಗೆ ಭುಜ, ಮಂಡಿ ಮುಚ್ಚುವ ಬಟ್ಟೆ. ಬಂಗಾರಂ ಬಿಟ್ಟರೆ ದ್ವೀಪಗಳಲ್ಲಿ ಮದ್ಯ ನಿಷೇಧ; ಬ್ಯಾಗಿನಲ್ಲಿ ಒಯ್ಯುವ ಸಾಹಸ ಬೇಡ. ಸಿಹಿನೀರು ಅಲ್ಲಿ ದುಬಾರಿ ವಸ್ತು. ಕವರತ್ತಿಯಲ್ಲಿ 2005ರಿಂದ ಮೇಲಿನ ಬಿಸಿ ಮತ್ತು ಆಳದ ತಣ್ಣನೆಯ ಕಡಲ ನೀರಿನ ವ್ಯತ್ಯಾಸ ಬಳಸಿ ದಿನಕ್ಕೆ 1 ಲಕ್ಷ ಲೀಟರ್ ಸಿಹಿನೀರು ಮಾಡುವ ಸ್ಥಾವರವಿದೆ. ಅದನ್ನು ನೆನೆದು ಒಂದು ಬಕೆಟ್‌ನಲ್ಲಿ ಮೈ ತೊಳೆದುಕೊಳ್ಳಿ.

ಊಟ ಅನ್ನ, ಸಾರು, ಪಲ್ಯ, ಟ್ಯೂನಾ ಮೀನಿನ ಸಾರು. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ, ಜೊತೆಗೆ ಚಟ್ನಿಪುಡಿ ಒಯ್ದರೆ ಯಾರೂ ನಗುವುದಿಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಈ ದ್ವೀಪಗಳಲ್ಲಿ ಮುಂಚೂಣಿಯ ಬ್ಯಾಂಕಾಗಿತ್ತು. 2020ರ ವಿಲೀನದ ಬಳಿಕ ಕೆನರಾ ಬ್ಯಾಂಕ್. ಆದರೂ ಎಟಿಎಂ ಹುಡುಕುತ್ತ ಒಂದು ತಾಸು ಕಳೆಯುವ ಬದಲು ನಗದು ಕೊಚ್ಚಿಯಲ್ಲೇ ತೆಗೆದಿಡಿ. ನಡುಗಡಲಿನಲ್ಲಿ ಫೋನ್ ಸಿಗ್ನಲ್ ಇರದು. ಮನೆಯವರಿಗೆ ಮೊದಲೇ ತಿಳಿಸಿ.

ಮುಖವಾಡ ಹಾಕಿ ತೇಲುವುದು

ಸ್ನಾರ್ಕೆಲಿಂಗ್‌ಗೆ, ಅಂದರೆ ಮುಖವಾಡ ಹಾಕಿ ಬಾಯಲ್ಲಿಟ್ಟ ಕೊಳವೆಯಿಂದ ಉಸಿರಾಡುತ್ತ ತೇಲುವುದಕ್ಕೆ, ಈಜು ಬರಲೇಬೇಕೆಂದಿಲ್ಲ, ಅವಸರ ಮಾತ್ರ ಇರಬಾರದು. ಮುಖವಾಡವನ್ನು ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆಯಿರಿ; ಅಂಟಿ ನಿಂತರೆ ಅಳತೆ ಸರಿ. ನೀರು ನುಗ್ಗುವುದು ಹೆಚ್ಚಾಗಿ ಅಂಚಿಗೆ ಸಿಕ್ಕ ಕೂದಲಿನಿಂದ, ಗಂಡಸರಲ್ಲಿ ಮೀಸೆಯಿಂದ. ಮೀಸೆ ಮೇಲೆ ವ್ಯಾಸಲೀನ್ ಹಚ್ಚಿದರೆ ಸಾಕು. ಗಾಜು ಮಂಜಾದರೆ ಒಳಬದಿಗೆ ಎಂಜಲು ಸವರಿ ತೊಳೆಯಿರಿ, ಹಳೆಯ ಉಪಾಯವಾದರೂ ಕೆಲಸ ಮಾಡುತ್ತದೆ. ಸೊಂಟದಷ್ಟು ನೀರಿನಲ್ಲಿ ನಿಂತು ಮುಖ ಮುಳುಗಿಸಿ ಬಾಯಿಂದ ನಿಧಾನಕ್ಕೆ ಇಪ್ಪತ್ತು ಉಸಿರು ತೆಗೆಯಿರಿ, ಆಮೇಲೆ ಕಾಲು ಬಿಡಿ. ಇಳಿತದಲ್ಲಿ ಲಗೂನ್ ಮಂಡಿಯಷ್ಟೇ ಆಗಿ ಹೊಟ್ಟೆ ಹವಳಕ್ಕೆ ಉಜ್ಜುತ್ತದೆ. ಉಬ್ಬರದ ಹೊತ್ತು ಕೇಳಿಕೊಂಡು ಇಳಿಯಿರಿ. ದಿಬ್ಬದಲ್ಲಿ ದೋಣಿ ದಾಟುವ ಸಂದಿಯ ಹತ್ತಿರ ಹೋಗಬೇಡಿ, ಇಳಿತದ ನೀರು ಅಲ್ಲಿಂದಲೇ ಹೊರಗೆ ಎಳೆಯುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕಾಣುವಷ್ಟು ಹತ್ತಿರವಿರಿ. ಬೆನ್ನು ಸುಡುವುದು ತೇಲುವಾಗಲೇ. ಕ್ರೀಮಿಗಿಂತ ತುಂಬುತೋಳಿನ ಈಜು ಅಂಗಿ ಒಳ್ಳೆಯದು, ಹವಳಕ್ಕೂ ಹಿತ. ನೆಗಡಿ ಇದ್ದರೆ ಸ್ಕೂಬಾ, ಅಂದರೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಮುಳುಗುವುದು, ಬೇಡ. ಕಿವಿ ಕಟ್ಟಿಕೊಂಡಾಗ ಒತ್ತಡ ಸಮವಾಗದೆ ತಮಟೆ ಹರಿಯಬಹುದು. ಆಸ್ತಮಾ ಇರುವವರು ಫಾರಂನಲ್ಲಿ ಅದನ್ನು ಮುಚ್ಚಿಡಬಾರದು.

ಹವಳದ ಚೂರನ್ನು ನೆನಪಿಗೆಂದು ಜೇಬಿಗೆ ಹಾಕಬೇಡಿ, ಸತ್ತು ದಡಕ್ಕೆ ಬಿದ್ದದ್ದಾದರೂ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ, ಬ್ಯಾಗು ತಪಾಸಣೆ ಆಗುತ್ತದೆ. ನೆನಪಿಗೆ ಬೇಕೆಂದರೆ ತೆಂಗಿನ ಬೆಲ್ಲ, ಒಣಗಿಸಿದ ಟ್ಯೂನಾ. ಟ್ಯೂನಾವನ್ನು ಮೂರು ಪದರ ಪ್ಲಾಸ್ಟಿಕ್‌ನಲ್ಲಿ ಕಟ್ಟಿ, ಇಲ್ಲದಿದ್ದರೆ ಬಟ್ಟೆಗಳಿಗೆಲ್ಲ ಅದೇ ವಾಸನೆ.

ಕೊಚ್ಚಿಯಲ್ಲಿ ಇಳಿದ ಮೇಲೂ ನೆಲ ಓಲಾಡುತ್ತಿರುವಂತೆ ಅನಿಸುತ್ತದೆ, ಅದರಲ್ಲೂ ಕಣ್ಣು ಮುಚ್ಚಿ ಸ್ನಾನ ಮಾಡುವಾಗ. ಒಂದೆರಡು ದಿನದಲ್ಲಿ ತಾನಾಗಿ ಹೋಗುತ್ತದೆ. ಕಾರಿನಲ್ಲಿ ಬಂದಿದ್ದರೆ ಆ ರಾತ್ರಿ ಕೊಚ್ಚಿಯಲ್ಲೇ ಮಲಗಿ ಬೆಳಿಗ್ಗೆ ಸ್ಟೀರಿಂಗ್ ಹಿಡಿಯಿರಿ.