ಮದುವೆಯಿಲ್ಲದ ಮನೆಗೂ ಹಿಸ್ಸೆ ಮಾಡಿದೆ

ಮದುವೆಯಿಲ್ಲದೆ ಜೊತೆಗಿದ್ದವನಿಂದ ಬೇರೆಯಾದೆ, ನನ್ನ ಪಾಲಿನ ದುಡ್ಡಿಗೆ ಅವನು ಕೊಟ್ಟ ಕೊನೆಯ ಚೆಕ್ ಕಳೆದ ತಿಂಗಳು ಪಾಸಾಯಿತು. ಈಗ ಧೈರ್ಯವಾಗಿ ಬರೆಯಬಹುದು. "ಇದೆಲ್ಲ ಆಗೋ ಮಾತಲ್ಲ ಕಣೇ, ಕೈಗೆ ಸಿಕ್ಕಿದ್ದು ತಗೊಂಡು ಹೊರಟುಬಿಡು" ಅಂದಿದ್ದ ಗೆಳತಿಯರೇ ಈಗ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ.

ಶಿವಮೊಗ್ಗದ ವಿನೋಬನಗರದಲ್ಲಿ ನಾವಿಬ್ಬರೂ ನಾಲ್ಕೂವರೆ ವರ್ಷ ಒಂದೇ ಮನೆಯಲ್ಲಿದ್ದೆವು. ತಾಳಿಯೂ ಇಲ್ಲ, ರಿಜಿಸ್ಟರೂ ಇಲ್ಲ. ಯಾಕೆ ಬಿಟ್ಟೆವು ಎನ್ನುವುದು ಬೇಡ, ಹಾಗೆ ಇದ್ದವರಿಗೆ ಅದು ಗೊತ್ತೇ ಇರುತ್ತದೆ. ತೊಡಕಿದ್ದದ್ದು ಭೋಗ್ಯದ ದುಡ್ಡಿನಲ್ಲಿ, ಅಂದರೆ ತಿಂಗಳ ಬಾಡಿಗೆಯ ಬದಲು ಓನರಿಗೆ ಒಟ್ಟಿಗೆ ಕೊಟ್ಟು, ಮನೆ ಬಿಡುವಾಗ ವಾಪಸ್ ಪಡೆಯುವ ದುಡ್ಡು. ಒಟ್ಟು ಏಳು ಲಕ್ಷ. ಅವನದು ನಾಲ್ಕು, ನನ್ನದು ಮೂರು. ಕರಾರು ಪತ್ರ ಅವನೊಬ್ಬನ ಹೆಸರಿಗೆ. ನನ್ನ ಮೂರರಲ್ಲಿ ಒಂದು ಲಕ್ಷ ಬ್ಯಾಂಕಿನಿಂದ ಹೋಗಿತ್ತು. ಉಳಿದ ಎರಡು ಚೀಟಿ ಎತ್ತಿದ ದುಡ್ಡು, ನಗದು. ನಾನು ಟ್ಯಾಕ್ಸ್ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಊರವರಿಗೆಲ್ಲ ರಸೀದಿ ಇಟ್ಟುಕೊಳ್ಳಿ ಅಂತ ಹೇಳುವವಳು. ನಗಬೇಡಿ.

ಮೊದಲು ಅರ್ಧ ಅರ್ಧ ಅಂದುಕೊಂಡು ಕೂತೆವು. ವಾಷಿಂಗ್ ಮಷಿನ್ ಹತ್ತಿರ ಬರುವಷ್ಟರಲ್ಲಿ ಅವನ ಅಮ್ಮ ಕೊಟ್ಟ ಇಡ್ಲಿ ಪಾತ್ರೆಯ ಮಾತು ಬಂತು. ಅಲ್ಲಿಗೆ ಮುಗಿಯಿತು.

ಆಮೇಲೆ ನನ್ನ ಕಸುಬು ತೋರಿಸಲು ಹೋದೆ. ಇಬ್ಬರ ಫೋನ್‌ಪೇ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ತೆಗೆದು ಎಕ್ಸೆಲ್‌ಗೆ ಹಾಕಿದೆ. ಸುಮಾರು 1,900 ಸಾಲು, ಮೂರು ವಾರ. ಅವನು ನನಗೆ 41 ಸಾವಿರ ಕೊಡಬೇಕು ಎಂದು ಬಂತು. "ಪೆಟ್ರೋಲ್ ಎಲ್ಲಿ?" ಅಂದ. ಸೇರಿಸಿದೆ. ನಾನೇ ಆರು ಸಾವಿರ ಕೊಡಬೇಕಾಯಿತು! ಸಿಟ್ಟಿಗೆ ಅಡುಗೆಯನ್ನೂ ಸೇರಿಸಿದೆ, ಹೊತ್ತಿಗೆ 50 ರೂಪಾಯಿಯಂತೆ. ಒಂದೂವರೆ ಲಕ್ಷ ದಾಟಿತು. ಆ ರಾತ್ರಿ ಅವನು ಮನೆಗೇ ಬರಲಿಲ್ಲ. ಲೆಕ್ಕ ಚೊಕ್ಕ ಆದಷ್ಟೂ ಜಗಳ ಜಾಸ್ತಿಯಾಯಿತು. ಇಷ್ಟು ವರ್ಷ ಲೆಕ್ಕ ಬರೆದವಳಿಗೆ ಇದು ಹೊಸ ಪಾಠ.

ಮೂರನೆಯದು ಪಂಚಾಯ್ತಿ. ಇಬ್ಬರಿಗೂ ಬೇಕಾದ ಗೆಳೆಯನನ್ನು ಎರಡು ಭಾನುವಾರ ಕೂರಿಸಿದೆವು. ಊಟ, ಟೀ ಅಂತ 1,800 ರೂಪಾಯಿ ಆಯಿತು. ಕೊನೆಗೆ ಆ ಪುಣ್ಯಾತ್ಮ ಸ್ಪೀಕರ್ ಸೆಟ್ ತನಗೆ ಕೊಡಿ ಅಂದ.

ವಕೀಲರ ಹತ್ತಿರವೂ ಹೋದೆ. ಫೀಸು 1,500. ನಮಗೆ ಡೈವೋರ್ಸ್ ಇಲ್ಲ, ಮದುವೆಯೇ ಇಲ್ಲವಲ್ಲ. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮದುವೆಯಂಥ ಸಂಬಂಧದಲ್ಲಿರುವ ಹೆಣ್ಣನ್ನೂ ಒಳಗೆ ಸೇರಿಸುತ್ತದೆ. ಎಷ್ಟು ಕಾಲ ಜೊತೆಗಿದ್ದರು, ದುಡ್ಡು ಕೂಡಿಸಿದ್ದರಾ, ನಾಲ್ಕು ಜನರ ಮುಂದೆ ಗಂಡ ಹೆಂಡತಿಯಂತೆ ಇದ್ದರಾ ಎಂದೆಲ್ಲ ನೋಡುತ್ತಾರೆ. ಸುಪ್ರೀಂ ಕೋರ್ಟ್ 2010ರಲ್ಲೂ 2013ರಲ್ಲೂ ಇದನ್ನು ಬಿಡಿಸಿ ಹೇಳಿದೆ. ಮನೆ ಓನರಿಗೆ ನಾವು ಗಂಡ ಹೆಂಡತಿ ಅಂತಲೇ ಹೇಳಿದ್ದೆವು. ಆ ಸುಳ್ಳು ಹೀಗೂ ಉಪಯೋಗಕ್ಕೆ ಬರಬಹುದು ಎಂದು ಅವತ್ತೇ ಗೊತ್ತಾಗಿದ್ದು. ಆದರೆ ಅವನು ಕೈ ಮಾಡಿದವನಲ್ಲ, ಹಿಂಸೆ ಕೊಟ್ಟವನಲ್ಲ. ಹಾಗಿದ್ದಿದ್ದರೆ ನಾನು ನೇರ ಕಾಯ್ದೆಯ ದಾರಿಯನ್ನೇ ಹಿಡಿಯುತ್ತಿದ್ದೆ, ಈ ಹಿಸ್ಸೆ ಗಿಸ್ಸೆ ಎಲ್ಲ ಅಲ್ಲ. ಬರೀ ದುಡ್ಡಿಗಾದರೆ ಸಿವಿಲ್ ದಾವೆ. "ಎರಡು ಲಕ್ಷ ನಗದಿಗೆ ಸಾಕ್ಷಿ ಏನಿದೆ ಮೇಡಂ?" ಎಂದರು ವಕೀಲರು.

ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಓನರ್ ಹತ್ತಿರ ದುಡ್ಡಿಲ್ಲ, ಹೊಸ ಭೋಗ್ಯದವರು ಬಂದ ಮೇಲೆಯೇ ವಾಪಸ್. ಒಂದೇ ಮನೆಯಲ್ಲಿ ಮಾತಿಲ್ಲದೆ ಮೂರು ತಿಂಗಳು. ಏನೇನೋ ಮಾಡಿ ನೋಡಿದೆ. ಫ್ರಿಜ್ ಮಧ್ಯೆ ಟೇಪ್ ಅಂಟಿಸಿದೆ, ಹಾಲು ಯಾರದು ಅಂತ ಮತ್ತೆ ಜಗಳ. ರೂಮಿನಲ್ಲಿ ಇಂಡಕ್ಷನ್ ಒಲೆ ಇಟ್ಟೆ, ಅವನು ಗೀಸರ್ ಹಾಕಿದ ಕೂಡಲೇ ಕರೆಂಟ್ ಟ್ರಿಪ್. ಅಡುಗೆಮನೆಗೆ ಟೈಮ್ ಹಾಕಿಕೊಂಡದ್ದು ಮಾತ್ರ ನಡೆಯಿತು. ದೊಡ್ಡ ಸಮಸ್ಯೆ ಬಟ್ಟೆ ಹಗ್ಗ. ಶೀಟಿನ ಕೆಳಗೆ ಇದ್ದದ್ದೇ ಒಂದು. ಜುಲೈಯಲ್ಲಿ ಒಂದು ಜೀನ್ಸ್ ಒಣಗಲು ನಾಲ್ಕು ದಿನ ಬೇಕು, ಗೊತ್ತಲ್ಲ.

ಆ ಹಗ್ಗ ನೋಡುತ್ತಲೇ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿಸ್ಸೆ ನೆನಪಾಯಿತು. ಅಪ್ಪ, ಚಿಕ್ಕಪ್ಪ ಬೇರೆಯಾದಾಗ ನಾನು ಕಾಫಿ ಕೊಡುತ್ತಾ ನಿಂತಿದ್ದೆ. ಹಿತ್ತಾಳೆ ಹಂಡೆಯಿಂದ ಅಡಿಕೆ ತೋಟದವರೆಗೆ ಎಲ್ಲದಕ್ಕೂ ಒಂದೇ ನಿಯಮ. ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಆರಿಸಬೇಕು. ಯಾರು ಎಷ್ಟು ದುಡಿದರು ಎಂದು ಯಾರೂ ಕೇಳಲಿಲ್ಲ.

ಪಾಲು ನಾನು ಮಾಡುತ್ತೇನೆ, ನೀನು ಆರಿಸು ಅಂದೆ. ಅವನಿಗೆ ನಂಬಿಕೆ ಬರಲಿಲ್ಲ, ಆದರೂ ಒಪ್ಪಿದ. ಮೊದಲ ಸಲ ಕೆಟ್ಟೆ. ಅವನು ಫ್ರಿಜ್, ಮಷಿನ್‌ಗೇ ಕೈ ಹಾಕುತ್ತಾನೆ ಅಂತ ಅವನ್ನು ಒಂದು ಕಡೆ ಇಟ್ಟು, ನನಗೆ ಬೇಕಾದದ್ದನ್ನೆಲ್ಲ ಇನ್ನೊಂದು ಕಡೆ ಇಟ್ಟೆ. ಅವನು ಸರಿಯಾಗಿ ನನ್ನ ಕಡೆಯದನ್ನೇ ತೋರಿಸಿದ! ಕಾಲಿಗೆ ಬಿದ್ದು ಆ ಆಟ ರದ್ದು ಮಾಡಿಸಿದೆ. ಯಾವ ಪಾಲು ಉಳಿದರೂ ನನಗೆ ಬೇಜಾರಾಗಬಾರದು, ಹಾಗೆ ಮಾಡಬೇಕು. ಅದಕ್ಕೆ ಹನ್ನೊಂದು ದಿನ ಹಿಡಿಯಿತು. ಒಂದೊಂದು ಸಾಮಾನಿಗೂ ಒಂದು ಚೀಟಿ, ಒಟ್ಟು ನೂರಾ ಮೂವತ್ತೋ ಏನೋ.

ಭೋಗ್ಯವನ್ನೂ ಪಾಲಿನೊಳಗೆ ಹಾಕಿದ್ದೇ ನನ್ನ ಜಾಣತನ, ಹೇಳಿಕೊಳ್ಳುತ್ತೇನೆ ಬಿಡಿ. ಮನೆಯಲ್ಲಿ ಉಳಿಯುವವರು ಓನರಿನ ಏಳು ಲಕ್ಷಕ್ಕೆ ಕಾಯಬೇಕು. ಹೊರಡುವವರು ತಾವು ಹಾಕಿದ್ದಕ್ಕಿಂತ 25 ಸಾವಿರ ಕಡಿಮೆ ತೆಗೆದುಕೊಳ್ಳಬೇಕು, ಆದರೆ ಉಳಿಯುವವರ ಕೈಯಿಂದಲೇ ಬೇಗ ಸಿಗುತ್ತದೆ. ಮೊದಲು 50 ಇಟ್ಟಿದ್ದೆ, ಇಬ್ಬರಿಗೂ ಹೊರಡುವ ಮನಸ್ಸಿಲ್ಲ. 10ಕ್ಕೆ ಇಳಿಸಿದೆ, ಇಬ್ಬರೂ ಬ್ಯಾಗ್ ಹಿಡಿದು ನಿಂತೆವು. 25ಕ್ಕೆ ಹೇಗೆ ಬಂದೆ ಎನ್ನುವುದನ್ನು ಬರೆಯುವುದಿಲ್ಲ. ಒಂದಾದರೂ ನನ್ನ ಹತ್ತಿರ ಇರಲಿ.

ಅವನು ಉಳಿಯುವುದನ್ನು ಆರಿಸಿದ. ಕರಾರು ಅವನ ಹೆಸರಲ್ಲೇ ಇದ್ದದ್ದರಿಂದ ಅದನ್ನು ಮುಟ್ಟುವ ಕೆಲಸವೇ ಬರಲಿಲ್ಲ. ಅದೇ ವಾರ ನನ್ನ ಖಾತೆಗೆ ಒಂದು ಲಕ್ಷ ಬಂತು. ಉಳಿದ ಒಂದು ಮುಕ್ಕಾಲಿಗೆ ಮೂರು ಚೆಕ್, 60, 60, 55. ಒಪ್ಪಂದವನ್ನು ಇ-ಸ್ಟಾಂಪ್ ಕಾಗದದ ಮೇಲೆ ಬರೆಸಿದೆವು. ನಾನು ಹಾಕಿದ ಮೂರು ಲಕ್ಷ ಅದರಲ್ಲಿ ಮೊದಲ ಸಲ ಅಕ್ಷರಕ್ಕೆ ಬಂತು. ನೋಟರಿ ಸೇರಿ ಸಾವಿರದ ಆಸುಪಾಸು ಖರ್ಚು. ಸಾಮಾನು ಆಟೋಗೆ ಹಾಕುವಾಗ ಓನರ್ ಬಂದರು. "ಏನಮ್ಮಾ, ಡೈವೋರ್ಸಾ?" "ಹಾಗೇ ಅಂದ್ಕೊಳ್ಳಿ ಅಂಕಲ್" ಅಂದೆ.

ಅಮ್ಮ ಕಳಿಸಿದ್ದ ಅಪ್ಪೆಮಿಡಿ ಭರಣಿಗೆ ಚೀಟಿ ಬರೆದಿರಲಿಲ್ಲ. ಬೇಕಂತಲೇ ಬಿಟ್ಟು ಬಂದೆ. ಮಿಡಿ ಖಾಲಿಯಾಗುವವರೆಗೆ ಚೆಕ್ ತಪ್ಪುವುದಿಲ್ಲ ಎಂದು ನನ್ನ ಲೆಕ್ಕ. ಮೂರನೆಯ ಚೆಕ್ಕನ್ನು ಹತ್ತು ದಿನ ತಡೆದು ಹಾಕು ಎಂದು ಫೋನ್ ಮಾಡಿದ, ಅಷ್ಟೆ.

ಓನರ್ ಇನ್ನೂ ಅವನಿಗೆ ಪೂರ್ತಿ ಕೊಟ್ಟಿಲ್ಲವಂತೆ. ಬೇಗ ಕೊಡಿಸಲು ಏನು ಮಾಡಬೇಕು ಅಂತ ನನ್ನನ್ನೇ ಕೇಳಿದ. ಒಂದು ಉಪಾಯ ಹೇಳಿದ್ದೇನೆ. ಅದನ್ನೂ ಇಲ್ಲಿ ಹಾಕುವುದಿಲ್ಲ, ಅಂಕಲ್ ದಿನವಿಡೀ ಫೋನ್ ನೋಡುತ್ತಾ ಕೂತಿರುತ್ತಾರೆ.