ಬೇ ನಡೆದು ನೋಡೋದು ಹೇಗೆ: ಹೊಸದಾಗಿ ವಿಮಾನ ನಿಲ್ದಾಣದ ರ‍್ಯಾಂಪ್ ಡ್ಯೂಟಿಗೆ ಬಂದವರಿಗೆ

ವಿಮಾನ ಬರೋ ಮುಂಚೆ ಬೇ, ಅಂದರೆ ಅದು ಬಂದು ನಿಲ್ಲೋ ಜಾಗ, ಖಾಲಿ ಇರುತ್ತಲ್ಲ, ಆಗ ಒಂದು ಸುತ್ತು ನಡೀಬೇಕು. ಅದು ಹೋದ ಮೇಲೆ ಇನ್ನೊಂದು. ಇದಕ್ಕೆ ಎಫ್‌ಒಡಿ ವಾಕ್ ಅಂತ ಹೆಸರು; ಎಫ್‌ಒಡಿ ಅಂದರೆ ನೆಲದಲ್ಲಿ ಬಿದ್ದಿದ್ದು ವಿಮಾನಕ್ಕೆ ಹಾನಿ ಮಾಡಬಲ್ಲ ಯಾವುದೇ ವಸ್ತು. ಕಸ ಆಯೋ ಕೆಲಸ ಅಂತ ಮೂಗು ಮುರೀಬೇಡಿ.

ಶುರು ನಿಮ್ಮ ಜೇಬಿಂದಲೇ. ಪೆನ್ನು, ಚಿಲ್ಲರೆ, ಬಾಟಲಿ ಮುಚ್ಚಳ ಎಲ್ಲ ತೆಗೆದಿಡಿ. ಬ್ಯಾಗ್ ಗಾಡಿ ಎಳೆಯೋ ಟ್ರ್ಯಾಕ್ಟರ್ ಟೈರಿನ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡಿದೆಯಾ ನೋಡಿ. ಆಮೇಲೆ ಮೂಗಿನ ಚಕ್ರ ನಿಲ್ಲೋ ಗೆರೆಯಿಂದ ಬಾಲದ ಕಡೆಗೆ ನಿಧಾನವಾಗಿ ಹೋಗಿ. ಎಂಜಿನ್ ನಿಲ್ಲೋ ಜಾಗದಲ್ಲಿ ಎರಡೆರಡು ಸಲ. ಬೋಯಿಂಗ್ 737 ವಿಮಾನದ ಎಂಜಿನ್ ನೆಲಕ್ಕೆ ಅದೆಷ್ಟು ಹತ್ತಿರ ಅಂತ ಪಕ್ಕದಲ್ಲಿ ನಿಂತವರಿಗೇ ಗೊತ್ತು. ಸಣ್ಣ ಕಲ್ಲನ್ನೂ ಒಳಗೆಳೆದುಕೊಳ್ಳುತ್ತೆ.

ನನಗೆ ಹೆಚ್ಚು ಸಿಕ್ಕಿರೋದು ಸೂಟ್‌ಕೇಸ್ ಚಕ್ರ. ಆಮೇಲೆ ಬ್ಯಾಗ್ ಟ್ಯಾಗು, ಜಿಪ್ಪಿನ ತುದಿ. ರಾತ್ರಿ ಟಾರ್ಚನ್ನು ಎದೆಮಟ್ಟದಲ್ಲಿ ಹಿಡೀಬೇಡಿ. ಬಗ್ಗಿ, ನೆಲಕ್ಕೆ ತಾಗೋ ಹಾಗೆ ಅಡ್ಡಡ್ಡ ಬೆಳಕು ಬಿಡಿ. ಅಕ್ಕಿಕಾಳಿನಷ್ಟು ಸ್ಕ್ರೂಗೂ ಬೆರಳುದ್ದ ನೆರಳು ಬೀಳುತ್ತೆ. ಕಾಂಕ್ರೀಟಿನ ಸಂದಿಗಳಲ್ಲಿ, ಅದರಲ್ಲೂ ಮಳೆ ಬಂದು ನಿಂತ ಮೇಲೆ, ಹೀಗೇ ಹುಡುಕಬೇಕು. ತಿಂಡಿ ಚೂರು ಬಿದ್ದಿದ್ದರೆ ಅದನ್ನೂ ಎತ್ತಿ, ಹದ್ದು ಬರುತ್ತವೆ.

ವಿಮಾನದ ಕೆಂಪು ಬೀಕನ್ ದೀಪ ಮಿನುಗ್ತಿದ್ದರೆ (ಎಂಜಿನ್ ಓಡ್ತಿದೆ ಇಲ್ಲವೇ ಶುರುವಾಗುತ್ತೆ ಅನ್ನೋ ಎಚ್ಚರಿಕೆ ಅದು) ಮಾತ್ರ ಎಂಥದೇ ಬಿದ್ದಿರಲಿ, ಓಡಿ ಹೋಗಿ ಎತ್ತಬೇಡಿ. ಸೂಪರ್‌ವೈಸರ್‌ಗೆ ತಿಳಿಸಿ.

ಈಗ ಮುಖ್ಯ ವಿಷಯ. ಟ್ಯಾಗು, ಪ್ಲಾಸ್ಟಿಕ್ಕು ಡಬ್ಬಿಗೆ ಹೋಗಲಿ. ಲೋಹದ್ದು ಏನೇ ಸಿಕ್ಕರೂ ಎಸೀಬೇಡಿ, ಎಂಜಿನಿಯರ್ ಕೈಗೆ ಕೊಡಿ. ಅದು ಎಲ್ಲಿಂದಲೋ ಕಳಚಿ ಬಿದ್ದಿರುತ್ತೆ. 2000ನೇ ಇಸವಿ ಜುಲೈ 25ರಂದು ಪ್ಯಾರಿಸ್‌ನಲ್ಲಿ ಟೇಕಾಫ್‌ಗೆ ಓಡುತ್ತಿದ್ದ ಕಾಂಕಾರ್ಡ್ ಅನ್ನೋ ಪ್ರಯಾಣಿಕ ವಿಮಾನದ ಟೈರನ್ನು ಸೀಳಿದ್ದು ಒಂದೂವರೆ ಅಡಿಗೂ ಕಮ್ಮಿ ಉದ್ದದ ಟೈಟಾನಿಯಂ ಪಟ್ಟಿ. ಸ್ವಲ್ಪ ಮುಂಚೆ ಅದೇ ರನ್‌ವೇಯಿಂದ ಹಾರಿದ್ದ ಇನ್ನೊಂದು ವಿಮಾನದಿಂದ ಬಿದ್ದಿತ್ತು. ಸಿಡಿದ ರಬ್ಬರ್ ರೆಕ್ಕೆಯ ಕೆಳಭಾಗಕ್ಕೆ ಬಡಿದು, ಇಂಧನದ ಟ್ಯಾಂಕ್ ಒಡೆದು ಬೆಂಕಿ ಹತ್ತಿತು. ಕೆಳಗಿದ್ದ ನಾಲ್ವರೂ ಸೇರಿ ಸತ್ತವರು 113 ಜನ.

ನಾನೂ ಹೊಸದರಲ್ಲಿ ಒಂದು ಬೋಲ್ಟ್ ಹೆಕ್ಕಿ, ಭಾರೀ ಕೆಲಸ ಮಾಡಿದವನ ಹಾಗೆ ಡಬ್ಬಿಗೆ ಹಾಕಿದ್ದೆ. 'ಎಲ್ಲಿ ಸಿಕ್ತು, ತೋರಿಸು' ಅಂದರು ಎಂಜಿನಿಯರ್. ಡಬ್ಬಿ ಬೋರಲು ಹಾಕಿ, ಹರಿದ ಟ್ಯಾಗುಗಳ ನಡುವೆ ಇಬ್ಬರೂ ಮಂಡಿಯೂರಿ ಹುಡುಕಿದೆವು. ಕೊನೆಗೆ ಅದು ಬ್ಯಾಗ್ ಹತ್ತಿಸೋ ಬೆಲ್ಟ್ ಲೋಡರಿಂದು ಅಂತ ಗೊತ್ತಾಯಿತು. ಅವತ್ತಿಂದ ಒಂದು ಜಿಪ್ ಕವರ್ ಇಟ್ಕೊಂಡಿರ್ತೀನಿ, ಮೇಲೆ ಬೇ ನಂಬರು, ಟೈಮು ಬರೆಯೋಕೆ ಒಂದು ಪೆನ್ನು. ಪೆನ್ನಿಗೆ ದಾರ ಕಟ್ಟಿ ಜಾಕೆಟ್‌ಗೆ ಹೊಲಿದಿದ್ದೀನಿ.