ಅಜ್ಜನ ಫೋಟೋದಲ್ಲಿರೋ ಹಡಗು ಯಾವ್ದು ಅಂತ ಪತ್ತೆ ಹಚ್ಚೋದು ಹೇಗೆ

ನಮ್ಮಜ್ಜನ ಫೋಟೋ ಹಿಂದೆ ಪೆನ್ಸಿಲಲ್ಲಿ "ಡೆಲ್ಲಿ, 1952" ಅಂತ ಬರ್ದಿತ್ತು, ಅಜ್ಜ ಡೆಲ್ಲಿ ಸಿಟೀಲಿ ಇದ್ರು ಅಂತಾನೇ ಮನೇಲೆಲ್ಲಾ ನಂಬಿದ್ವಿ, ಆಮೇಲೆ ನೋಡಿದ್ರೆ ಅದು ಐಎನ್‌ಎಸ್ (ಇಂಡಿಯನ್ ನೇವಲ್ ಶಿಪ್) ಡೆಲ್ಲಿ ಅನ್ನೋ ಹಡಗು. ಕೊಡಗಲ್ಲಿ ಮಿಲಿಟರಿ ಅಂದ್ರೆ ಆರ್ಮಿನೇ, ನೇವಿಗೆ ಹೋದವ್ರ ಕಥೆ ಅಟ್ಟದ ಪೆಟ್ಟಿಗೇಲೇ ಉಳ್ಕೊಳ್ಳುತ್ತೆ.

ಮೊದ್ಲು ಫೋಟೋ ಉಳಿಸ್ಕೊಳ್ಳಿ. ನಮ್ಮ ಮಳೆಗೆ ಬೂಸ್ಟು ಹಿಡ್ದೇ ಇರುತ್ತೆ, ಒದ್ದೆ ಬಟ್ಟೇಲಿ ಒರೆಸ್ಬೇಡಿ, ಗಾಜಿಗೆ ಅಂಟಿದ್ರೆ ಕೀಳೋಕೂ ಹೋಗ್ಬೇಡಿ, ಗಾಜಿನ ಸಮೇತ ಮೊಬೈಲಲ್ಲಿ ಫೋಟೋ ತೆಗ್ದು ಝೂಮ್ ಮಾಡಿ.

ಈಗ ಟೋಪಿ ರಿಬ್ಬನ್ ಓದಿ. ಎಚ್‌ಎಂಐಎಸ್ (ಹಿಸ್ ಮೆಜೆಸ್ಟೀಸ್ ಇಂಡಿಯನ್ ಶಿಪ್) ಅಂತಿದ್ರೆ 1950ರ ಜನವರಿ 26ಕ್ಕೆ ಮುಂಚಿನದು, ಐಎನ್‌ಎಸ್ ಅಂತಿದ್ರೆ ಆಮೇಲಿಂದು. ರಿಬ್ಬನ್ ಕಾಣ್ದಿದ್ರೆ ಹಡಗಿನ ಹಿಂದಿನ ಬಾವುಟ ನೋಡಿ, ಶಿಲುಬೆ 1950ಕ್ಕೆ ಮುಂಚೇನೂ ಇತ್ತು ಆಮೇಲೂ ಇತ್ತು (ಅದನ್ನ ತೆಗ್ದಿದ್ದು 2022ರಲ್ಲಿ), ಅದನ್ನ ನೋಡಿ ಮೋಸಹೋಗ್ಬೇಡಿ, ಮೂಲೇಲಿ ಬ್ರಿಟಿಷರ ಯೂನಿಯನ್ ಜಾಕ್ ಇದ್ಯಾ ನಮ್ಮ ಬಾವುಟದ ಮೂರು ಪಟ್ಟೆ ಇದ್ಯಾ ಅನ್ನೋದೇ ಮುಖ್ಯ.

ಆಮೇಲೆ ಹೊಗೆಕೊಳವೆ ಎಣಿಸಿ. ಆ ಕಾಲದಲ್ಲಿ ನಮ್ಮ ನೇವೀಲಿ ಕ್ರೂಸರ್ ಅನ್ನೋ ದೊಡ್ಡ ಯುದ್ಧನೌಕೆ ಇದ್ದಿದ್ದೇ ಎರಡು. ಒಂದೇ ದಪ್ಪ ಕೊಳವೆ, ಒಂದೊಂದು ಗೋಪುರಕ್ಕೆ (ಫಿರಂಗಿ ಕೂರ್ಸಿರೋ, ತಿರುಗೋ ಉಕ್ಕಿನ ಗೂಡು) ಎರಡೆರಡು ಫಿರಂಗಿ ಇದ್ರೆ ಡೆಲ್ಲಿ. ಎರಡು ಕೊಳವೆ, ಒಂದೊಂದು ಗೋಪುರಕ್ಕೆ ಮೂರ್ಮೂರು ಫಿರಂಗಿ ಇದ್ರೆ ಮೈಸೂರು, ಅದು 1957ರಲ್ಲಿ ಬಂದಿದ್ದು, ಮುಂಚೆ ಬ್ರಿಟಿಷ್ ನೇವೀಲಿ ಎಚ್‌ಎಂಎಸ್ ನೈಜೀರಿಯಾ ಅಂತಿತ್ತು.

ಇಲ್ಲೇ ಜನ ದಾರಿ ತಪ್ಪೋದು: ಹಳೇ ಹಡಗಿಗೆ ಒಂದೇ ಹೆಸರು ಇರಲ್ಲ, ಹಾಗಾಗಿ ಎಲ್ಲಾ ಹೆಸರಲ್ಲೂ ಹುಡುಕ್ಬೇಕು. ಡೆಲ್ಲೀದೇ ತಗೊಳ್ಳಿ, 1932ರಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ನೀರಿಗಿಳಿದಾಗ ಅಕಿಲೀಸ್, 1939ರ ಡಿಸೆಂಬರ್ 13ಕ್ಕೆ ದಕ್ಷಿಣ ಅಮೆರಿಕದ ರಿವರ್ ಪ್ಲೇಟ್ ಹತ್ರ ಜರ್ಮನ್ನರ ಗ್ರಾಫ್ ಸ್ಪೀ ಅನ್ನೋ ಯುದ್ಧನೌಕೆ ಜೊತೆ ಹೊಡೆದಾಡ್ತು, 1941ರಿಂದ ನ್ಯೂಜಿಲೆಂಡ್ ನೇವಿ, ಯುದ್ಧ ಮುಗಿದ್ಮೇಲೆ ವಾಪಸ್ ಬ್ರಿಟಿಷರಿಗೆ, 1948ರ ಜುಲೈನಲ್ಲಿ ನಮ್ಗೆ. ಸೆಕೆಂಡ್ ಹ್ಯಾಂಡ್ ಜೀಪ್ ಕೈ ಬದಲಾಯ್ಸಿದ ಹಾಗೇನೇ! ಕಟ್ಟುವಾಗ ನಾಲ್ಕು ಗೋಪುರ, ಎಂಟು ಫಿರಂಗಿ; 1943ರಲ್ಲಿ ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದ ಹತ್ರ ಹಿಂದಿನ ಒಂದು ಗೋಪುರಕ್ಕೆ ಜಪಾನಿ ಬಾಂಬ್ ಬಿತ್ತು, ರಿಪೇರಿಲಿ ಅದನ್ನ ತೆಗೆದೇಬಿಟ್ರು. ಹಾಗಾಗಿ ನಿಮ್ಮ ಫೋಟೋದಲ್ಲಿ ಹಿಂದ್ಗಡೆ ಒಂದೇ ಗೋಪುರ ಇರ್ಬೇಕು, ಎರಡಿದ್ರೆ ಅದು ಆ ರಿಪೇರಿಗೆ ಮುಂಚಿನ ಅಕಿಲೀಸ್, ಅಜ್ಜ ಅದ್ರಲ್ಲಿ ಇರೋಕೆ ಚಾನ್ಸೇ ಇಲ್ಲ. ಇನ್ನೊಂದು ಗೊಂದಲ, 1956ರಲ್ಲಿ ಬಂದ ಇಂಗ್ಲಿಷ್ ಸಿನಿಮಾ ಒಂದ್ರಲ್ಲಿ ಡೆಲ್ಲಿ ತನ್ನದೇ ಹಳೇ ಪಾತ್ರ ಮಾಡ್ತು, ನೆಟ್ಟಲ್ಲಿ ಸಿಗೋ ಕೆಲವು 'ಯುದ್ಧದ ಫೋಟೋ' ಆ ಶೂಟಿಂಗ್‌ದು ಇರ್ಬೋದು. 1978ರಲ್ಲಿ ಹಡಗು ರಿಟೈರ್ ಆಯ್ತು, ಒಂದು ಗೋಪುರ ಈಗ ಆಕ್ಲೆಂಡ್‌ನ ಡೆವನ್‌ಪೋರ್ಟ್ ನೌಕಾನೆಲೇಲಿದೆ.

ಕೊನೇಗೆ ಅಜ್ಜನ ಸರ್ವಿಸ್ ಪೇಪರ್ ಹುಡುಕಿ, ಯಾವ ಹಡಗಲ್ಲಿ ಯಾವಾಗಿಂದ ಯಾವಾಗಿನವರೆಗೆ ಅಂತ ತಾರೀಖು ಅದ್ರಲ್ಲಿರುತ್ತೆ. ಸಿಗ್ಲಿಲ್ಲ ಅಂದ್ರೆ ಮಡಿಕೇರೀಲಿರೋ ಸೈನಿಕ ಕಲ್ಯಾಣ ಇಲಾಖೆ ಆಫೀಸಲ್ಲಿ ವಿಚಾರಿಸಿ, ಅವ್ರ ಸರ್ವಿಸ್ ನಂಬರ್ ಕೈಲಿರ್ಲಿ. ಆದ್ರೆ ಪೇಪರಲ್ಲಿ ಐಎನ್‌ಎಸ್ ಅಂತ ಕಂಡ ತಕ್ಷಣ ಹಡಗು ಅಂದ್ಕೊಂಡು ಹಾರಾಡ್ಬೇಡಿ, ನೇವಿಯವ್ರು ನೆಲದ ಮೇಲಿರೋ ಟ್ರೈನಿಂಗ್ ಸೆಂಟರಿಗೂ ಹಾಗೇ ಹೆಸರಿಡ್ತಾರೆ. ನಾನು ಐಎನ್‌ಎಸ್ ಶಿವಾಜಿ ಅನ್ನೋ ಹಡಗಿನ ಫೋಟೋಗೆ ಎರಡು ದಿನ ಹುಡುಕಿದ್ದೆ, ಅದು ಇರೋದು ಲೋನಾವಳದ ಘಾಟಿ ಮೇಲೆ, ಹೆಚ್ಚುಕಮ್ಮಿ ನಮ್ಮೂರ ಥರಾನೇ ಗುಡ್ಡ, ಮಳೆ.